ಬರೆಯುವ ಕೈ ಕಾಣಬೇಕು

ಎರಡು ತಿಂಗಳ ಕಾಲ ಆ ಹುಡುಗ ದಿನವೂ ರಾತ್ರಿ ಊಟ ಮುಗಿಸಿ, ತನ್ನ ಪಟ್ಟಿಯ ಒಂದು ಪುಟದ ಫೋಟೋ ತೆಗೆದು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಿದ್ದ. ಲೆಕ್ಕದ ಚೌಕುಳಿ ಪಟ್ಟಿ. ನಾಲ್ಕು ಚಿಕ್ಕ ಚೌಕ ಸೇರಿಸಿ ಒಂದು ದೊಡ್ಡ ಚೌಕ, ಅದರೊಳಗೆ ಒಂದು ಜಪಾನಿ ಅಕ್ಷರ. ಅಚ್ಚು ಒತ್ತಿದಷ್ಟು ಸಮನಾದ ಸಾಲುಗಳು. ‘ಚೆನ್ನಾಗಿದೆ, ಹೀಗೇ ಮುಂದುವರಿಸು’ ಎಂದು ನಾನು ಉತ್ತರಿಸುತ್ತಿದ್ದೆ, ಮನಸ್ಸಿಟ್ಟೇ ಹಾಗೆ ಬರೆಯುತ್ತಿದ್ದೆ. ಆಗಸ್ಟ್ ತಿಂಗಳ ಒಂದು ಭಾನುವಾರ ಅವನು ಯಲ್ಲಾಪುರದ ಕಡೆಯ ತನ್ನ ಹಳ್ಳಿಯಿಂದ ಬಸ್ಸು ಹಿಡಿದು ಶಿರಸಿಗೆ ಬಂದು, ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಮೊದಲ ಬಾರಿಗೆ ನನ್ನ ಕಣ್ಣೆದುರು ಬರೆದ. ‘ಬಾಯಿ’ ಎಂಬ ಅರ್ಥದ ಅಕ್ಷರ ನೋಡುವುದಕ್ಕೆ ಒಂದು ಪುಟ್ಟ ಚೌಕ, ಅಷ್ಟೇ. ಜಪಾನಿನಲ್ಲಿ ಅದನ್ನು ಮೂರು ಗೆರೆಗಳಲ್ಲಿ ಬರೆಯುತ್ತಾರೆ: ಮೊದಲು ಎಡಬದಿಯ ಗೆರೆ ಮೇಲಿನಿಂದ ಕೆಳಕ್ಕೆ, ಆಮೇಲೆ ಮತ್ತೆ ಮೇಲಿನ ಎಡಮೂಲೆಯಿಂದ ಬಲಕ್ಕೆ ಹೋಗಿ ಅಲ್ಲಿಂದ ತಿರುಗಿ ಕೆಳಗಿಳಿಯುವ ಗೆರೆ, ಕೊನೆಗೆ ತಳದ ಅಡ್ಡಗೆರೆ. ಈ ಹುಡುಗ ಕೆಳಗಿನ ಬಲಮೂಲೆಯಲ್ಲಿ ಪೆನ್ನು ಊರಿ, ಎತ್ತದೆ, ಒಂದೇ ಸುತ್ತಿನಲ್ಲಿ ಚೌಕವನ್ನು ಮುಚ್ಚಿದ. ನಾವು ಸೊನ್ನೆ ಬರೆಯುವಂತೆಯೇ ಬರೆದು, ಮತ್ತೆ ಮೂಲೆಗಳಿಗೆ ಬಂದು ಒಂದೊಂದನ್ನೇ ಒತ್ತಿ ಚೂಪು ಮಾಡಿದ. ‘ಬೆಟ್ಟ’ ಎಂಬ ಅಕ್ಷರದಲ್ಲಿ ನಡುವಿನ ಉದ್ದ ಕಂಬ ಮೊದಲು ಬರಬೇಕು. ಅವನು ಎಡದಿಂದ ಬಲಕ್ಕೆ ಬೇಲಿಯ ಗೂಟ ನೆಟ್ಟಂತೆ ಮೂರನ್ನೂ ನೆಟ್ಟು, ಆಮೇಲೆ ಅಡಿಯಲ್ಲಿ ಗೆರೆ ಎಳೆದ. ಬರೆದು ಮುಗಿದ ಮೇಲೆ ನೋಡಿದರೆ ಪುಟ ಎಂದಿನಂತೆಯೇ ಸುಂದರವಾಗಿತ್ತು.

ಅಂದು ಸಂಜೆ ಅವನನ್ನು ಬಸ್ಸು ಹತ್ತಿಸಿ ಬಂದವಳು ಅವನ ಹಳೆಯ ಫೋಟೋಗಳನ್ನೆಲ್ಲ ತೆರೆದು ಕುಳಿತೆ. ಅರುವತ್ತರ ಹತ್ತಿರ ಪುಟಗಳು. ಯಾವ ಪುಟದಲ್ಲೂ ನನಗೆ ತಪ್ಪು ಕಾಣಲಿಲ್ಲ. ಬರೆದು ಮುಗಿಸಿದ್ದನ್ನು ಮಾತ್ರ ತೋರಿಸುವ ಚಿತ್ರವನ್ನು ನೋಡಿ ನಾನು ಬರವಣಿಗೆಯನ್ನು ಮೆಚ್ಚುತ್ತಿದ್ದೆನಲ್ಲ ಎಂಬುದು ಬಹಳ ದಿನ ನನ್ನನ್ನು ಕೊರೆಯಿತು. ತಪ್ಪು ಹುಡುಗನದಲ್ಲ. ಅವನು ನಾನು ಕೊಟ್ಟ ಅಕ್ಷರಪಟ್ಟಿಯ ಪಿಡಿಎಫ್ ನೋಡಿ, ಕಂಡಂತೆ ಚಿತ್ರ ಬಿಡಿಸಿದ್ದ. ಚಿತ್ರ ಕೊಟ್ಟವರಿಗೆ ಚಿತ್ರವೇ ತಿರುಗಿ ಬರುತ್ತದೆ.

ನನ್ನ ಬಳಿ ಈಗ ಹನ್ನೊಂದು ಮಂದಿ ಜಪಾನಿ ಕಲಿಯುತ್ತಿದ್ದಾರೆ. ನರ್ಸಿಂಗ್ ಮುಗಿಸಿದವರು, ಐಟಿಐ ಮತ್ತು ಡಿಪ್ಲೊಮಾ ಮಾಡಿದವರು, ಕುಮಟಾ, ಅಂಕೋಲಾ, ಸಿದ್ದಾಪುರ, ಯಲ್ಲಾಪುರದ ಕಡೆಯವರು. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ನಡುವೆ ಕುಶಲ ಕೆಲಸಗಾರರ ಬಗ್ಗೆ ಒಡಂಬಡಿಕೆ ಆದ ಮೇಲೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲೂ ಜಪಾನಿನ ಹೆಸರು ಕೇಳಿಬರತೊಡಗಿತು. ಬೆಂಗಳೂರಿನಲ್ಲಿ ಹಲವು ವರ್ಷ ಅನುವಾದದ ಕೆಲಸ ಮಾಡಿ ಊರಿಗೆ ಮರಳಿದ ನನ್ನ ಬಳಿ ಮೊದಲು ಒಬ್ಬಳು ನೆಂಟರ ಹುಡುಗಿ ಬಂದಳು. ಅವಳ ಹಿಂದೆ ಉಳಿದವರು ಬಂದರು. ವಾರಕ್ಕೆ ನಾಲ್ಕು ದಿನ ಪಾಠವೆಲ್ಲ ಮೊಬೈಲಿನ ಮೂಲಕವೇ ನಡೆಯುತ್ತದೆ, ತಿಂಗಳಿಗೊಮ್ಮೆ ಜಗಲಿಯಲ್ಲಿ ಸೇರುತ್ತೇವೆ. ಮಾತು, ವ್ಯಾಕರಣ, ಓದು ಇವನ್ನೆಲ್ಲ ದೂರದಿಂದ ಕಲಿಸುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಬರವಣಿಗೆ ಮಾತ್ರ ಕೈಗೆ ಸಿಗದೆ ಜಾರುತ್ತಿತ್ತು.

ಬರೆಯಲು ಎಂತಕ್ಕೆ ಕಲಿಯಬೇಕು

ಈ ಪ್ರಶ್ನೆಯನ್ನು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, ಮತ್ತು ಕೇಳುವುದು ನ್ಯಾಯವೇ. ಡಿಸೆಂಬರಿನಲ್ಲಿ ಅವರು ಬರೆಯುವ ಜಪಾನಿ ಸಾಮರ್ಥ್ಯ ಪರೀಕ್ಷೆಯಲ್ಲಿ ಕೈಬರಹ ಇಲ್ಲವೇ ಇಲ್ಲ. ಎಲ್ಲವೂ ಸರಿಯುತ್ತರಕ್ಕೆ ಗುರುತು ಹಾಕುವ ಪ್ರಶ್ನೆಗಳು. ಮೊಬೈಲಿನಲ್ಲಿ ಉಚ್ಚಾರಣೆಯನ್ನು ಟೈಪು ಮಾಡಿದರೆ ಕಾಂಜಿ, ಅಂದರೆ ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥವಿರುವ ಅಕ್ಷರ, ತಾನಾಗಿ ಮೂಡುತ್ತದೆ. ಉಚ್ಚಾರಣೆಯನ್ನಷ್ಟೇ ಬರೆಯುವ ಎರಡು ಲಿಪಿಗಳಾದ ಹಿರಗಾನದ 46, ಕತಕಾನದ 46 ಮೂಲ ಅಕ್ಷರಗಳನ್ನಾದರೆ ಹೇಗೋ ಬರೆದು ಕಲಿಯಬಹುದು. ದೈನಂದಿನ ಬಳಕೆಗೆಂದು ಜಪಾನ್ ಸರ್ಕಾರ ಗುರುತಿಸಿದ ಕಾಂಜಿಗಳೇ 2,136 ಇವೆ, ಅವುಗಳಲ್ಲಿ 1,026ನ್ನು ಅಲ್ಲಿನ ಮಕ್ಕಳು ಆರನೆಯ ತರಗತಿ ಮುಗಿಸುವುದರೊಳಗೆ ಕಲಿಯುತ್ತಾರೆ. ಇಷ್ಟನ್ನೂ ಕೈಯಲ್ಲಿ ಬರೆದೇ ಕಲಿಯಬೇಕೆ?

ನನ್ನ ಉತ್ತರ ಬೆಂಗಳೂರಿನ ಕಚೇರಿಯ ಒಂದು ನೋಟದಿಂದ ಬಂದದ್ದು. ಅಲ್ಲಿ ನನ್ನ ಜತೆ ಕೆಲಸ ಮಾಡುತ್ತಿದ್ದ ಜಪಾನಿನ ಹಿರಿಯರೊಬ್ಬರು ಯಾವುದಾದರೂ ಅಕ್ಷರ ನೆನಪಾಗದಿದ್ದರೆ ಎಡ ಅಂಗೈಯನ್ನು ಚಾಚಿ ಅದರ ಮೇಲೆ ಬಲತೋರುಬೆರಳಿನಿಂದ ಬರೆಯುತ್ತಿದ್ದರು. ಎರಡು ಗೆರೆ ಎಳೆದು ತಡೆಯುತ್ತಿದ್ದರು, ಮತ್ತೆ ಮೊದಲಿನಿಂದ ಎಳೆಯುತ್ತಿದ್ದರು. ಮೂರನೆಯ ಸಲಕ್ಕೆ ಬೆರಳು ತಾನಾಗಿ ಮುಂದಕ್ಕೆ ಓಡಿಬಿಡುತ್ತಿತ್ತು, ಮುಖ ಅರಳುತ್ತಿತ್ತು. ಗಾಳಿಯಲ್ಲಿ ಅಥವಾ ಅಂಗೈಯಲ್ಲಿ ಹೀಗೆ ಬರೆದುಕೊಳ್ಳುವುದಕ್ಕೆ ಜಪಾನಿನಲ್ಲಿ ಕೂಶೋ ಎಂಬ ಹೆಸರೇ ಇದೆ. ಕಣ್ಣು ಮರೆತ ಅಕ್ಷರವನ್ನು ಕೈ ಇಟ್ಟುಕೊಂಡಿರುತ್ತದೆ. ಆದರೆ ಕೈಗೆ ಅದು ಯಾವಾಗಲೂ ಒಂದೇ ಕ್ರಮದಲ್ಲಿ ಬಂದಿದ್ದರೆ ಮಾತ್ರ. ಮೊದಲ ಗೆರೆ ಎಳೆದರೆ ಎರಡನೆಯದು ಹಿಂಬಾಲಿಸಿ ಬರುವಷ್ಟು ಅದು ಹದವಾಗಿರಬೇಕು. ಇವತ್ತು ಮೇಲಿನಿಂದ, ನಾಳೆ ಕೆಳಗಿನಿಂದ ಬರೆದ ಕೈಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಯಲ್ಲಾಪುರದ ಹುಡುಗನ ತೊಂದರೆ ಅದೇ ಆಗಿತ್ತು. ಅಷ್ಟು ಚೆಂದವಾಗಿ ಬರೆಯುವವನು ಪುಟ ಮುಚ್ಚಿದರೆ ಹತ್ತರಲ್ಲಿ ನಾಲ್ಕನ್ನೂ ನೆನಪಿನಿಂದ ಬರೆಯಲಾರದೆ ಕಂಗಾಲಾಗುತ್ತಿದ್ದ, ನನಗೆ ಕಾರಣ ಹೊಳೆದಿರಲಿಲ್ಲ.

ನಮ್ಮ ಹುಡುಗರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಅವರ ಕೈ ಕನ್ನಡದಲ್ಲಿ ಪಳಗಿದ ಕೈ. ಓಲೆಗರಿಯ ಮೇಲೆ ಕಂಟದಿಂದ ಬರೆದ ನಮ್ಮ ಹಿರಿಯರಿಗೆ ಅಡ್ಡಗೆರೆ ಎಂದರೆ ಗರಿ ಸೀಳುವ ಭಯ. ನಮ್ಮ ಅಕ್ಷರಗಳು ದುಂಡಗಾದದ್ದು ಹಾಗೆ ಎಂದು ಲಿಪಿಯ ಚರಿತ್ರೆ ಬಲ್ಲವರು ಹೇಳುತ್ತಾರೆ. ದುಂಡು ಬರೆಯುವ ಕೈ ನಿಲ್ಲುವುದಿಲ್ಲ, ಸುಳಿ ಸುತ್ತುತ್ತಲೇ ಮುಂದೆ ಸಾಗುತ್ತದೆ. ಹಿರಗಾನದ ‘ನೊ’, ‘ಮೆ’, ‘ನು’ ಅಕ್ಷರಗಳನ್ನು ನಮ್ಮ ಹುಡುಗರು ಮೊದಲ ದಿನವೇ ಲೀಲಾಜಾಲವಾಗಿ ಬರೆದುಬಿಡುತ್ತಾರೆ, ಅಲ್ಲಿರುವುದು ಸುಳಿಯೇ. ಜಪಾನಿ ಅಕ್ಷರಗಳಿಗೆ ಬೇಕಾದ ಕುಂಚದ ಕೈ ಬೇರೆ: ಅದು ಊರುತ್ತದೆ, ಸಾಗುತ್ತದೆ, ನಿಲ್ಲುತ್ತದೆ, ಎತ್ತುತ್ತದೆ. ಈ ಎತ್ತಿ ಇಡುವುದನ್ನು ಕಲಿಸುವುದೇ ಅರ್ಧ ಪಾಠ.

(ಓದುವ ವಿಷಯದಲ್ಲಿ ಮಾತ್ರ ಕನ್ನಡ ನಮಗೆ ಒಂದು ಬಾಗಿಲು ತೆರೆದುಕೊಡುತ್ತದೆ. ಜಪಾನಿ ಅಕ್ಷರಗಳ ಸಾಲು ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ಭಿಕ್ಷುಗಳ ಜತೆ ಭಾರತದಿಂದ ಹೋದ, ಸಂಸ್ಕೃತ ಬರೆಯುವ ಸಿದ್ಧಂ ಲಿಪಿಯ ವರ್ಣಮಾಲೆಯ ಕ್ರಮ ಅದು. ‘ಹ ಎಂತಕ್ಕೆ ನ ಮತ್ತು ಮ ನಡುವೆ ಬಂತು ಮೇಡಂ? ಅಲ್ಲಿ ಪ ಅಲ್ಲವಾ ಇರಬೇಕಾದದ್ದು?’ ಎಂದು ಸಿದ್ದಾಪುರದ ಹುಡುಗಿ ಮೊದಲ ದಿನವೇ ಕೇಳಿದಳು. ಅವಳು ಕೇಳಿದ್ದು ಸರಿ. ಬಹಳ ಹಿಂದೆ ಜಪಾನಿಯಲ್ಲಿ ಆ ಧ್ವನಿ ಪ ಆಗಿತ್ತು. ಧ್ವನಿ ಬದಲಾಯಿತು, ಸಾಲಿನ ಜಾಗ ಬದಲಾಗಲಿಲ್ಲ.)

ಘಟ್ಟ ಹತ್ತುವ ಗೆರೆ, ಘಟ್ಟ ಇಳಿಯುವ ಗೆರೆ

ಆ ಭಾನುವಾರದ ನಂತರ ನಾನು ಪಿಡಿಎಫ್ ಕೊಡುವುದನ್ನು ನಿಲ್ಲಿಸಿ, ಚಲಿಸುವ ಅಕ್ಷರಗಳನ್ನು ಹುಡುಕತೊಡಗಿದೆ. ಅಂತರ್ಜಾಲದಲ್ಲಿ ಇವು ಬೇಕಾದಷ್ಟಿವೆ. ಉಲ್ರಿಶ್ ಆಪೆಲ್ ಎಂಬ ಜರ್ಮನ್ ವಿದ್ವಾಂಸರು ಆರಂಭಿಸಿದ ಕಾಂಜಿವಿಜಿ ಎಂಬ ಸಂಗ್ರಹದಲ್ಲಿ ಸಾವಿರಾರು ಕಾಂಜಿಗಳ ಪ್ರತಿಯೊಂದು ಗೆರೆಯೂ ಬೇರೆಬೇರೆಯಾಗಿ, ಬರೆಯುವ ಕ್ರಮದಲ್ಲಿ ದಾಖಲಾಗಿದೆ. ಯಾರು ಬೇಕಾದರೂ ಬಳಸಬಹುದಾದ ಪರವಾನಗಿಯಲ್ಲಿ ಅದನ್ನು ಬಿಟ್ಟುಕೊಟ್ಟಿದ್ದಾರೆ, ಎಷ್ಟೋ ನಿಘಂಟುಗಳು ಮತ್ತು ಆ್ಯಪ್‌ಗಳು ಅದರ ಮೇಲೆಯೇ ನಿಂತಿವೆ. ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಸಂಗ್ರಹದಲ್ಲಿ ಗೆರೆಯ ಮೇಲೆ ಗೆರೆ ಮೂಡುವ ಚಿಕ್ಕ ಚಲನಚಿತ್ರಗಳಿವೆ. ಇವೆಲ್ಲ ಗಾತ್ರದಲ್ಲಿ ಬಹಳ ಚಿಕ್ಕವು ಎಂಬುದು ನಮ್ಮ ಕಡೆಯವರಿಗೆ ದೊಡ್ಡ ಉಪಕಾರ. ನೆಟ್‌ವರ್ಕ್‌ಗಾಗಿ ಮನೆಯ ಹಿಂದಿನ ಬ್ಯಾಣ ಹತ್ತಿ ನಿಲ್ಲುವ ಮಕ್ಕಳು ನನ್ನ ಗುಂಪಿನಲ್ಲಿ ಮೂವರಿದ್ದಾರೆ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಹತ್ತು ನಿಮಿಷದ ವಿಡಿಯೋ ಅವರ ಪಾಲಿಗೆ ಇಲ್ಲದ ಹಾಗೆಯೇ. ಹತ್ತು ಹನ್ನೆರಡು ಸೆಕೆಂಡಿನ, ಧ್ವನಿಯಿಲ್ಲದ ತುಣುಕುಗಳನ್ನು ಒಮ್ಮೆ ಇಳಿಸಿಕೊಂಡರೆ ಮನೆಯೊಳಗೆ ಕುಳಿತು ನೂರು ಸಲ ನೋಡಬಹುದು.

ಚಲಿಸುವ ಅಕ್ಷರ ಏನು ಮಾಡಬಲ್ಲದು ಎಂಬುದನ್ನು ನಾನು ಪೂರ್ತಿಯಾಗಿ ಅರಿತದ್ದು ಕತಕಾನದ ‘ಶಿ’ ಮತ್ತು ‘ತ್ಸು’ ಕಲಿಸಿದ ದಿನ. ಎರಡರಲ್ಲೂ ಎರಡು ಚಿಕ್ಕ ಗೆರೆ, ಒಂದು ಉದ್ದ ಬಾಗು. ಅಚ್ಚಿನಲ್ಲಿ ನೋಡಿದರೆ ಅವಳಿ ಮಕ್ಕಳು. ‘ಎರಡೂ ಒಂದೇ ಅಲ್ಲವಾ ಮೇಡಂ, ಒಂದು ಸ್ವಲ್ಪ ವಾಲಿದೆ ಅಷ್ಟೇ’ ಎಂದು ಎಲ್ಲರೂ ಹೇಳಿದರು. ಓರೆಯ ಅಳತೆ, ಚಿಕ್ಕ ಗೆರೆಗಳ ಅಂತರ ಎಂದೆಲ್ಲ ನಾನು ಹಿಂದಿನ ವರ್ಷಗಳಲ್ಲಿ ವಿವರಿಸಿ ಸೋತಿದ್ದೆ. ಈ ಸಲ ಎರಡರ ತುಣುಕುಗಳನ್ನು ಅಕ್ಕಪಕ್ಕದಲ್ಲಿಟ್ಟು ಕಾಲು ವೇಗದಲ್ಲಿ ಓಡಿಸಿದೆ. ಒಂದರಲ್ಲಿ ಉದ್ದ ಗೆರೆ ಕೆಳಗಿನ ಎಡಮೂಲೆಯಿಂದ ಹೊರಟು ಬಲಕ್ಕೆ ಮೇಲೇರಿತು. ಇನ್ನೊಂದರಲ್ಲಿ ಮೇಲಿನ ಬಲಮೂಲೆಯಿಂದ ಹೊರಟು ಎಡಕ್ಕೆ ಕೆಳಗಿಳಿಯಿತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಕುಮಟೆಯ ಹುಡುಗಿ ತನ್ನ ಕಡೆಯಿಂದ ಕೂಗಿದಳು: ‘ಇದು ದೇವಿಮನೆ ಘಟ್ಟ ಮೇಡಂ! ಶಿ ಅಂದ್ರೆ ಶಿರಸಿಗೆ ಹತ್ತೂದು, ತ್ಸು ಅಂದ್ರೆ ತಗ್ಗಿಗೆ ಇಳಿಯೂದು.’ ಅಂದಿನಿಂದ ನನ್ನ ಗುಂಪಿನಲ್ಲಿ ಆ ಎರಡು ಅಕ್ಷರಗಳನ್ನು ಯಾರೂ ಅದಲುಬದಲು ಮಾಡಿಲ್ಲ. ‘ನ್’ ಮತ್ತು ‘ಸೊ’ ಬಂದಾಗ ಅವರೇ ಕೇಳಿದರು, ಇದರಲ್ಲಿ ಯಾವುದು ಹತ್ತೂದು, ಯಾವುದು ಇಳಿಯೂದು ಎಂದು. ನಿಂತ ಚಿತ್ರದಲ್ಲಿ ಒಂದೇ ಆಗಿ ಕಂಡ ಎರಡು ಅಕ್ಷರಗಳು ನಡೆಯುವಾಗ ಒಂದಕ್ಕೊಂದು ಎದುರುಬದುರು ಹೊರಟವು.

ಆದರೆ ಸಿಕ್ಕಿದ್ದೆಲ್ಲವನ್ನೂ ಮಕ್ಕಳ ಕೈಗೆ ಕೊಡುವಂತಿಲ್ಲ ಎಂಬುದೂ ಬೇಗ ತಿಳಿಯಿತು. ‘ಗದ್ದೆ’ ಎಂಬ ಅಕ್ಷರ ನಿಜವಾಗಿಯೂ ಬದು ಹಾಕಿದ ನಾಲ್ಕು ಗದ್ದೆಗಳ ಹಾಗಿದೆ. ಜಪಾನಿನಲ್ಲಿ ಒಳಗಿನ ನಿಲುಗೆರೆ ಮೊದಲು, ಅಡ್ಡಗೆರೆ ಆಮೇಲೆ, ಚೀನಾದಲ್ಲಿ ಅಡ್ಡಗೆರೆ ಮೊದಲು. ಅಂಕೋಲೆಯ ಹುಡುಗನೊಬ್ಬ ಚೀನೀ ಪಾಠದ ವಿಡಿಯೋ ನೋಡಿ ಶ್ರದ್ಧೆಯಿಂದ ಅದನ್ನೇ ಕಲಿತು ಬಂದಿದ್ದ. ಮೊಬೈಲಿನ ಅಕ್ಷರಗಳೂ ಹೀಗೆ ದಾರಿ ತಪ್ಪಿಸುತ್ತವೆ. ಗಣಕದ ಅಕ್ಷರಸಂಕೇತಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ ಚೀನೀ ಮತ್ತು ಜಪಾನಿ ಕಾಂಜಿಗಳಿಗೆ ಬಹುಪಾಲು ಒಂದೇ ಸಂಕೇತ ಇರುವುದರಿಂದ, ಕನ್ನಡವೋ ಇಂಗ್ಲಿಷೋ ಇರುವ ಫೋನು ಎಷ್ಟೋ ಸಲ ಚೀನೀ ರೂಪವನ್ನು ತೋರಿಸಿಬಿಡುತ್ತದೆ. ‘ನೇರ’ ಎಂಬ ಅಕ್ಷರದಲ್ಲಿ ಜಪಾನಿನಲ್ಲಿ ಇರಬೇಕಾದ ಎಡಬದಿಯ ಮೂಲೆಗೆರೆ ಚೀನೀ ರೂಪದಲ್ಲಿ ಕಾಣುವುದೇ ಇಲ್ಲ. ಫೋನಿನ ಭಾಷೆಗಳ ಪಟ್ಟಿಗೆ ಜಪಾನಿಯನ್ನೂ ಸೇರಿಸಿದರೆ ಇದು ಸರಿಹೋಗುತ್ತದೆ. ನಾನು ಈಗ ಹೊಸಬರಿಗೆ ಮೊದಲ ದಿನ ಮಾಡಿಸುವುದು ಅದನ್ನೇ. ಅಚ್ಚಿನ ಹಿರಗಾನದ ‘ಕಿ’ ಮತ್ತು ‘ಸ’ ಅಕ್ಷರಗಳಲ್ಲಿ ಓರೆಗೆರೆಗೂ ಕೆಳಗಿನ ಬಾಗಿಗೂ ಕೊಂಡಿ ಇರುತ್ತದೆ, ಕೈಬರಹದಲ್ಲಿ ಅಲ್ಲಿ ಪೆನ್ನು ಎತ್ತಿ ಬೇರೆಯಾಗಿ ಬರೆಯುತ್ತಾರೆ. ಶಾಲಾಪುಸ್ತಕಗಳಿಗೆಂದೇ ಮಾಡಿದ ಅಕ್ಷರಶೈಲಿ ಇದೆ, ಅದರಲ್ಲಿ ನೋಡಿದರೆ ಈ ಗೊಂದಲ ಇರುವುದಿಲ್ಲ.

ತಿದ್ದುವುದು

ನಮ್ಮಲ್ಲಿ ಮಕ್ಕಳಿಗೆ ಅಕ್ಷರ ‘ತಿದ್ದಿಸುತ್ತಾರೆ’. ಹರಿವಾಣದ ಅಕ್ಕಿಯಲ್ಲಿ ಬೆರಳು ಹಿಡಿದು, ಆಮೇಲೆ ಪಾಟಿಯ ಮೇಲೆ ದೊಡ್ಡದಾಗಿ ಬರೆದುಕೊಟ್ಟ ಅಕ್ಷರದ ಮೇಲೆಯೇ ಬಳಪ ಆಡಿಸಿ. ತಪ್ಪನ್ನು ಸರಿಮಾಡುವುದಕ್ಕೂ ಅದೇ ಮಾತು. ಬರೆದ ದಾರಿಯಲ್ಲಿ ಮತ್ತೆ ನಡೆಯುವುದೂ ತಿದ್ದುವುದೇ, ದಾರಿ ತಪ್ಪಿದವರನ್ನು ಮರಳಿ ತರುವುದೂ ತಿದ್ದುವುದೇ. ಪರದೆಯ ಮೇಲೆ ಬೆರಳಾಡಿಸಿ ಅಕ್ಷರ ಕಲಿಸುವ ಆ್ಯಪ್‌ಗಳನ್ನು ನಾನು ಬಹಳ ಆಸೆಯಿಂದ ತರಿಸಿ ನೋಡಿದೆ, ಅವು ಪಾಟಿಯ ಕೆಲಸ ಮಾಡಬಹುದು ಎಂದುಕೊಂಡು. ಗೆರೆಯ ಕ್ರಮ ಮತ್ತು ದಿಕ್ಕನ್ನು ಅವು ಬಿಗಿಯಾಗಿ ಕಾಯುತ್ತವೆ, ಅದರಲ್ಲಿ ಸಂಶಯವಿಲ್ಲ. ತಪ್ಪು ಗೆರೆಯನ್ನು ಮೂಡಲು ಬಿಡುವುದಿಲ್ಲ. ಆದರೆ ನಾನು ನೋಡಿದ ಹಲವು ಆ್ಯಪ್‌ಗಳಲ್ಲಿ ಮಗು ಸೊಟ್ಟಗೆ ಎಳೆದ ಗೆರೆ ಬೆರಳು ಎತ್ತುತ್ತಲೇ ಮಾಯವಾಗಿ, ಆ ಜಾಗದಲ್ಲಿ ಅಚ್ಚುಕಟ್ಟಾದ ಗೆರೆ ಬಂದು ಕೂರುತ್ತದೆ. ತಿದ್ದಿದ್ದು ಯಂತ್ರ. ತನ್ನ ಕೈ ಎಲ್ಲಿ ನಡುಗಿತು, ಎಲ್ಲಿ ಆತುರಪಟ್ಟಿತು ಎಂದು ನೋಡುವ ಅವಕಾಶವೇ ಕಲಿಯುವವರಿಗೆ ಸಿಗುವುದಿಲ್ಲ. ಕ್ರಮ ಕಲಿಯಲು ಮೊದಲ ವಾರಗಳಲ್ಲಿ ಅದನ್ನು ಬಳಸಿ, ಆಮೇಲೆ ಕಾಗದಕ್ಕೆ ಬನ್ನಿ ಎಂದು ಹೇಳುತ್ತೇನೆ.

ಇಷ್ಟಾದರೂ ನನ್ನ ಮೂಲ ತೊಂದರೆ ಹಾಗೆಯೇ ಉಳಿದಿತ್ತು. ಮಕ್ಕಳು ಈಗ ಬರೆಯುವ ಕೈಯನ್ನು ನೋಡುತ್ತಿದ್ದರು. ನಾನು ಅವರ ಕೈಯನ್ನು ನೋಡುತ್ತಿರಲಿಲ್ಲ. ವಿಡಿಯೋ ಒಂದೇ ದಿಕ್ಕಿನಲ್ಲಿ ಹರಿಯುತ್ತಿತ್ತು. ಪುಟದ ಫೋಟೋ ಬದಲು ಬರೆಯುವಾಗಿನ ವಿಡಿಯೋ ಕಳುಹಿಸಿ ಎಂದಾಗ ಮೊದಲು ಬಂದವುಗಳಲ್ಲಿ ಬರೀ ಮಣಿಕಟ್ಟು ಕಾಣುತ್ತಿತ್ತು, ಇಲ್ಲವೇ ಎಡಗೈಯಲ್ಲಿ ಹಿಡಿದ ಫೋನು ನಡುಗುತ್ತಿತ್ತು. ಇದಕ್ಕೆ ದಾರಿ ಕಂಡುಕೊಂಡದ್ದು ಸಿದ್ದಾಪುರದ ಹುಡುಗಿ. ಎಲ್ಲರ ಮನೆಯಲ್ಲೂ ಇರುವ ಪ್ಲಾಸ್ಟಿಕ್ ಸ್ಟೂಲಿನ ನಡುವೆ ಒಂದು ದುಂಡು ತೂತು ಇರುತ್ತದಲ್ಲ, ಅವಳು ಆ ತೂತಿನ ಮೇಲೆ ಕ್ಯಾಮೆರಾ ಕೂರುವಂತೆ ಫೋನನ್ನು ಮಲಗಿಸಿ, ಸ್ಟೂಲಿನ ಕಾಲುಗಳ ನಡುವೆ ಪಟ್ಟಿಯಿಟ್ಟು, ಜಗಲಿಯ ತುದಿಯಲ್ಲಿ ಬೆಳಕಿಗೆ ಎದುರಾಗಿ ನೆಲದ ಮೇಲೆ ಕುಳಿತು ಬರೆದಿದ್ದಳು. ಪುಟ, ಪೆನ್ನಿನ ಮೊನೆ, ಐದು ಬೆರಳು, ಎಲ್ಲವೂ ಸ್ಪಷ್ಟ. ಒಂದು ವಾರದಲ್ಲಿ ಹನ್ನೊಂದು ಮನೆಗಳ ಹನ್ನೊಂದು ಸ್ಟೂಲುಗಳು ಈ ಕೆಲಸಕ್ಕೆ ನಿಂತವು. ಒಬ್ಬೊಬ್ಬರಿಂದ ದಿನಕ್ಕೆ ಇಪ್ಪತ್ತು ಸೆಕೆಂಡು, ಮೂರೇ ಅಕ್ಷರ. ಹೆಚ್ಚು ಕೇಳಿದರೆ ಅವರ ಡೇಟಾಕ್ಕೂ ಹೊರೆ, ನನ್ನ ಕಣ್ಣಿಗೂ ಹೊರೆ.

ಆ ಇಪ್ಪತ್ತು ಸೆಕೆಂಡುಗಳಲ್ಲಿ ನಾನು ಕಂಡದ್ದು ಮೂರು ವರ್ಷಗಳ ಫೋಟೋಗಳಲ್ಲಿ ಕಂಡದ್ದಕ್ಕಿಂತ ಹೆಚ್ಚು. ಒಬ್ಬಳು ಪೆನ್ನನ್ನು ಮೊನೆಗೆ ತೀರ ಹತ್ತಿರ ಹಿಡಿದು ಬೆರಳ ಗೆಣ್ಣು ಬಿಳಿಚುವಷ್ಟು ಒತ್ತುತ್ತಿದ್ದಳು. ಒಬ್ಬ ಪ್ರತಿ ಗೆರೆಗೂ ಮೊದಲು ಪೆನ್ನನ್ನು ಗಾಳಿಯಲ್ಲಿ ಒಮ್ಮೆ ಆಡಿಸಿ, ಹಾದಿ ನೆನಪಿಸಿಕೊಂಡು ಇಳಿಸುತ್ತಿದ್ದ. ಅವನ ತಡವರಿಕೆಯನ್ನು ನೋಡಿಯೇ ಯಾವ ಅಕ್ಷರ ಇನ್ನೂ ಕೈಗೆ ಇಳಿದಿಲ್ಲ ಎಂದು ಹೇಳಬಹುದಾಗಿತ್ತು. ಕುಮಟೆಯ ಹುಡುಗಿ ಎಡಗೈಯವಳು ಎಂಬುದು ನನಗೆ ಆವರೆಗೆ ತಿಳಿದೇ ಇರಲಿಲ್ಲ. ಎಡದಿಂದ ಬಲಕ್ಕೆ ಹೋಗುವ ಅಡ್ಡಗೆರೆಯನ್ನು ಬಲಗೈ ಎಳೆಯುತ್ತದೆ, ಎಡಗೈ ದೂಡಬೇಕಾಗುತ್ತದೆ. ಅವಳ ಅಡ್ಡಗೆರೆಗಳು ಅಲುಗಾಡುತ್ತಿದ್ದುದಕ್ಕೆ ಕಾರಣ ಅದು, ಅಭ್ಯಾಸದ ಕೊರತೆ ಎಂದು ನಾನು ಅವಳಿಗೆ ಎರಡು ಸಲ ಹೇಳಿದ್ದು ಅನ್ಯಾಯ. ಪಟ್ಟಿಯನ್ನು ಸ್ವಲ್ಪ ಓರೆಯಾಗಿ ಇಟ್ಟುಕೊಳ್ಳಲು ಹೇಳಿದೆ, ಕ್ರಮವನ್ನು ಬದಲಿಸಲಿಲ್ಲ. ಗೆರೆ ಈಗ ನೆಟ್ಟಗೆ ಬರುತ್ತದೆ. ವಿಡಿಯೋಗಳ ಹಿಂದೆ ಕೇಳಿಸುವ ಶಬ್ದಗಳೂ ನನಗೆ ಈಗ ಪರಿಚಿತ: ತಗಡಿನ ಮೇಲಿನ ಮಳೆ, ದಸರಾ ಕಳೆದ ಮೇಲೆ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಕರಕರ, ‘ಸ್ಟೂಲು ಎಲ್ಲಿ ಹೋಯ್ತೇ’ ಎಂದು ಕೇಳುವ ಯಾರದೋ ಅಜ್ಜಿ.

ಗೆರೆಯ ಕ್ರಮದಲ್ಲಿ ಎಷ್ಟು ಬಿಗಿ ಇರಬೇಕು ಎಂಬುದನ್ನು ನಾನು ಬಹಳ ಯೋಚಿಸಿದ್ದೇನೆ. 1958ರಲ್ಲಿ ಜಪಾನಿನ ಶಿಕ್ಷಣ ಸಚಿವಾಲಯ ಅಂದಿನ 881 ಶಾಲಾ ಕಾಂಜಿಗಳಿಗೆ ಗೆರೆಯ ಕ್ರಮದ ಕೈಪಿಡಿ ಹೊರಡಿಸಿದಾಗ, ಅದರಲ್ಲಿ ಇಲ್ಲದ ಕ್ರಮಗಳೆಲ್ಲ ತಪ್ಪು ಎಂದೇನೂ ತಾವು ಹೇಳುತ್ತಿಲ್ಲ ಎಂದು ಅದರಲ್ಲಿಯೇ ಸ್ಪಷ್ಟಪಡಿಸಿತ್ತು. 2016ರಲ್ಲಿ ಅಲ್ಲಿನ ಸಂಸ್ಕೃತಿ ಇಲಾಖೆಯ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ‘ಮರ’ ಎಂಬ ಅಕ್ಷರದ ನಡುವಿನ ಕಂಬ ಕೆಳಗೆ ಸುಮ್ಮನೆ ನಿಂತರೂ ಸರಿ, ತುದಿಯಲ್ಲಿ ಚಿಮ್ಮಿದರೂ ಸರಿ ಎಂಬ ಧಾಟಿಯಲ್ಲಿ ಶಿಕ್ಷಕರಿಗೆ ಉದಾರವಾಗಿರಲು ತಿಳಿಸಿತು. ಹಾಗಾಗಿ ಕ್ರಮ ತಪ್ಪಿದರೆ ನಾನು ಅಂಕ ಕಳೆಯುವುದಿಲ್ಲ. ಆದರೆ ಪ್ರತಿ ಸಲವೂ ಒಂದೇ ಕ್ರಮ ಇರಬೇಕು ಎಂಬುದರಲ್ಲಿ ಮಾತ್ರ ಸಡಿಲ ಬಿಡುವುದಿಲ್ಲ. ‘ಬಲ’ ಎಂಬ ಅಕ್ಷರಕ್ಕೆ ಮೊದಲು ಓರೆಗೆರೆ, ‘ಎಡ’ಕ್ಕೆ ಮೊದಲು ಅಡ್ಡಗೆರೆ, ನೋಡಲು ಮೇಲ್ಭಾಗ ಎರಡರಲ್ಲೂ ಒಂದೇ. ಅದು ಕೈಗೆ ಹತ್ತಿದರೆ ಬಲ ಎಡ ಎಂದೂ ಮರೆಯುವುದಿಲ್ಲ ಎಂದು ನನ್ನ ಗುಂಪಿನವರು ಈಗ ತಾವೇ ಹೇಳುತ್ತಾರೆ.

ಕಾರವಾರದ ಮರಳು

ಒಂದು ಕೊರತೆ ಉಳಿದೇ ಇತ್ತು. ಗಣಕದ ಚಲಿಸುವ ಗೆರೆ ಆದಿಯಿಂದ ಅಂತ್ಯದವರೆಗೆ ಒಂದೇ ದಪ್ಪ, ಒಂದೇ ವೇಗ. ಅದು ಕ್ರಮ ತೋರಿಸುತ್ತದೆ, ಭಾರ ತೋರಿಸುವುದಿಲ್ಲ. ಜಪಾನಿ ಬರಹದಲ್ಲಿ ಗೆರೆ ಮುಗಿಯುವುದಕ್ಕೆ ಮೂರು ಬಗೆ: ಊರಿ ನಿಲ್ಲುವುದು ತೊಮೆ, ನಿಂತು ಚಿಮ್ಮುವುದು ಹನೆ, ಹಗುರಾಗುತ್ತ ತೇಲಿಹೋಗುವುದು ಹರಾಯಿ. ನಮ್ಮ ಹುಡುಗರ ಬಾಲ್ ಪೆನ್ನು ಈ ಮೂರನ್ನೂ ಒಂದೇ ಮಾಡಿಬಿಡುತ್ತದೆ. ಕುಂಚದಲ್ಲಿ ಬರೆಯುವವರ ವಿಡಿಯೋ ತೋರಿಸಿದೆ. ಅವರು ಮೆಚ್ಚಿ ನೋಡಿದರು, ನಾಟ್ಯ ನೋಡಿದಂತೆ. ಕೈಗೆ ಬರಲಿಲ್ಲ.

ಕಳೆದ ನವೆಂಬರಿನಲ್ಲಿ ಪರೀಕ್ಷೆಗೆ ಮೊದಲು ಒಂದು ದಿನ ಎಲ್ಲರೂ ಸೇರಿ ಕಾರವಾರಕ್ಕೆ ಹೋಗಿದ್ದೆವು. ಟಾಗೋರ್ ಕಡಲತೀರದಲ್ಲಿ ಇಳಿತದ ಹೊತ್ತು, ಒದ್ದೆ ಮರಳು ಪಾಟಿಯಂತೆ ನುಣ್ಣಗೆ ಬಿದ್ದಿತ್ತು. ಅಂಕೋಲೆಯ ಹುಡುಗ ಗಾಳಿಮರದ ಒಂದು ಒಣಕಡ್ಡಿ ತಂದು ‘ದೊಡ್ಡದು’ ಎಂಬ ಅಕ್ಷರ ಬರೆದ: ಅಡ್ಡಗೆರೆ, ಎಡಕ್ಕೆ ಬೀಸುವ ಗೆರೆ, ಬಲಕ್ಕೆ ಬೀಸುವ ಗೆರೆ. ಬರೆದವನೇ ಬಗ್ಗಿ ನೋಡುತ್ತ ನಿಂತುಬಿಟ್ಟ. ಅಡ್ಡಗೆರೆ ಮುಗಿದಲ್ಲಿ ಕಡ್ಡಿ ಊರಿದ್ದರಿಂದ ಒಂದು ಗುಳಿ ಬಿದ್ದು, ಅದರಾಚೆ ಮರಳು ಚಿಕ್ಕ ದಿಬ್ಬವಾಗಿ ನಿಂತಿತ್ತು. ಎಡಕ್ಕೆ ಬೀಸಿದ ಗೆರೆ ಆಳದಿಂದ ಮೇಲಕ್ಕೆ ಬರುತ್ತ ಬರುತ್ತ ತುದಿಯಲ್ಲಿ ಬರೀ ಗೀಚಿದ ಗುರುತಾಗಿ ಮುಗಿದಿತ್ತು. ಎರಡು ಗೆರೆ ಕೂಡುವಲ್ಲಿ ಆಮೇಲೆ ಬಂದದ್ದು ಮೊದಲಿನದನ್ನು ಕಡಿದು ಹೋಗಿತ್ತು. ಯಾವುದು ಮೊದಲು ಯಾವುದು ನಂತರ ಎಂದು ಮರಳೇ ಹೇಳುತ್ತಿತ್ತು. ‘ನೀರು’ ಎಂಬ ಅಕ್ಷರದ ನಡುಗಂಬವನ್ನು ಇಳಿಸಿ, ನಿಲ್ಲಿಸಿ, ಎಡಕ್ಕೆ ಚಿಮ್ಮಿಸಿದಾಗ ಒಂದು ಹಿಡಿ ಮರಳು ಹಾರಿ ಪಕ್ಕದವಳ ಕಾಲ ಮೇಲೆ ಬಿತ್ತು. ಹನೆ ಎಂದರೆ ಏನೆಂದು ನಾನು ಮತ್ತೆ ವಿವರಿಸಬೇಕಾಗಿ ಬರಲಿಲ್ಲ.

ಸಂಜೆಯ ಬಿಸಿಲು ಓರೆಯಾಗಿ ಬೀಳುತ್ತಿದ್ದ ಆ ಹೊತ್ತಿನಲ್ಲಿ ನಾನು ಅವರ ಮರಳಿನ ಅಕ್ಷರಗಳನ್ನು, ಬರೆಯುವಾಗಲೇ, ಮೇಲಿನಿಂದ ವಿಡಿಯೋ ಮಾಡಿಕೊಂಡೆ. ಗೆರೆಯ ಆಳವೆಲ್ಲ ನೆರಳಾಗಿ ಕಾಣುತ್ತದೆ: ಊರಿದಲ್ಲಿ ಕಪ್ಪು ಗಾಢ, ತೇಲಿದಲ್ಲಿ ತೆಳು. ಹತ್ತು ಹತ್ತು ಸೆಕೆಂಡಿನ ಹದಿನಾಲ್ಕು ತುಣುಕುಗಳು. ಹೊಸದಾಗಿ ಬರುವವರಿಗೆ ಈಗ ನಾನು ಮೊದಲು ಕಳುಹಿಸುವುದು ಅವನ್ನೇ, ಗಣಕದ ಗೆರೆಗಳು ಆಮೇಲೆ. ಅದರಲ್ಲಿ ಕಾಣುವುದು ಪಳಗಿದ ಕಲಾವಿದರ ಕೈ ಅಲ್ಲ, ಆರು ತಿಂಗಳ ಹಿಂದೆ ಒಂದಕ್ಷರ ಬಾರದಿದ್ದ ಅಂಕೋಲೆ, ಕುಮಟೆಯ ಕೈಗಳು; ಹೊಸಬರು ಅವನ್ನು ನೋಡಿ ಹೆದರುವುದಿಲ್ಲ, ತಮ್ಮ ಮನೆಯ ಅಂಗಳದಲ್ಲಿ ಮರಳು ಹರವಿಕೊಂಡು ತಾವೂ ಬರೆದು ವಿಡಿಯೋ ಕಳುಹಿಸುತ್ತಾರೆ.

ಯಲ್ಲಾಪುರದ ಹುಡುಗನ ವಿಷಯ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಅವನಿಗೆ ಬಹಳ ಹೊತ್ತು ಹಿಡಿಯಿತು. ಒಮ್ಮೆ ಸುತ್ತು ಹಾಕಿ ಬರೆಯಲು ಕಲಿತ ಕೈಯನ್ನು ಬಿಡಿಸುವುದು ಹೊಸಬರಿಗೆ ಕಲಿಸುವುದಕ್ಕಿಂತ ಕಷ್ಟ. ವಿಡಿಯೋದಲ್ಲಿ ಮೂರು ಗೆರೆ ಸರಿಯಾಗಿ ಬರುತ್ತಿತ್ತು, ಆದರೆ ಕ್ಯಾಮೆರಾ ಇಲ್ಲದಾಗ ಏನು ಮಾಡುತ್ತಾನೋ ಎಂಬ ಅನುಮಾನ ನನಗೆ ಉಳಿದಿತ್ತು, ಕೇಳಲು ಮನಸ್ಸು ಬರಲಿಲ್ಲ. ಕಳೆದ ವಾರ ಅವನು ಅಭ್ಯಾಸಕ್ಕೆಂದು ಒಂದು ಜಪಾನಿ ಅರ್ಜಿ ನಮೂನೆಯನ್ನು ಕೈಯಲ್ಲಿ ತುಂಬಿ, ಹಳೆಯ ರೂಢಿಯಂತೆ ಬರೀ ಫೋಟೋ ಕಳುಹಿಸಿದ. ಎರಡನೆಯ ಸಾಲಿನಲ್ಲಿ ‘ಬಾಯಿ’ ಇತ್ತು. ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಕೆಳಗಿನ ಬಲಮೂಲೆಯನ್ನು ನೋಡಿದೆ. ತಳದ ಅಡ್ಡಗೆರೆಯ ತುದಿ ಬಲಬದಿಯ ಗೆರೆಯನ್ನು ದಾಟಿ ಕೂದಲೆಳೆಯಷ್ಟು ಹೊರಗೆ ಚಾಚಿತ್ತು, ಅಲ್ಲಿ ಪೆನ್ನು ಊರಿ ನಿಂತ ಒಂದು ಚಿಕ್ಕ ಚುಕ್ಕೆ ಇತ್ತು.